ಎರಡು ಇಪ್ಪತ್ತರಲ್ಲಿ ನಿಂತ ನಕ್ಷೆ

ಗೋಡೆಯ ಗಡಿಯಾರದಲ್ಲಿ ಮೂರು ಹತ್ತು. ಕಂಪ್ಯೂಟರಿನ ಮೂಲೆಯಲ್ಲಿ ಎರಡು ಇಪ್ಪತ್ತು. ಮಲರ್ಕೊಡಿ ಮೊದಲು ಅನುಮಾನಪಟ್ಟದ್ದು ಗೋಡೆಯ ಗಡಿಯಾರದ ಮೇಲೆ. ಅದು ಯಾರದೋ ಮದುವೆಯ ಉಡುಗೊರೆ, ಅಲ್ಲಿಂದ ಇಲ್ಲಿಗೆ ದಾಟಿ ಬಂದದ್ದು, ಸರಿಯಾಗಿ ನಡೆದ ದಿನವೇ ಕಡಿಮೆ. ಮೌಸು ಅಲ್ಲಾಡಿಸಿದಳು. ಬಾಣ ಕದಲಲಿಲ್ಲ. ಕೈಗೆ ಸಿಕ್ಕ ಕೀಲಿಗಳನ್ನೆಲ್ಲ ಒತ್ತಿದಳು. ಪರದೆಯ ತುಂಬ ಕಡಲಿನ ನಕ್ಷೆ ನೀಲಿಯಾಗಿ, ಚೆಂದವಾಗಿ, ಹಾಗೇ ನಿಂತಿತ್ತು. ಮೂಗು ಗಾಜಿಗೆ ತಾಗುವಷ್ಟು ಬಗ್ಗಿ ಅದರ ಕೆಳಮೂಲೆಯ ಸಣ್ಣ ಅಕ್ಷರ ಓದಿದಳು. ನವೆಂಬರ್ ಹದಿನೆಂಟು ಎಂದಿತ್ತು. ಇವತ್ತು ಹತ್ತೊಂಬತ್ತು, ಭಾನುವಾರ.

ಅವಳು ನಲವತ್ತು ನಿಮಿಷದ ಹಿಂದೆ ಮೈಕಿನ ಮುಂದೆ ಕೂತು, ಇದೇ ನಕ್ಷೆ ನೋಡಿಕೊಂಡು, "ಅಲೆ ನಾಲ್ಕು ಅಡಿ, ಗಾಳಿ ಸಾಧಾರಣ, ಹೋಗಬಹುದು" ಎಂದು ಊರಿಗೆಲ್ಲ ಓದಿ ಹೇಳಿದ್ದಳು. ಮೂವತ್ತೆರಡು ಫೈಬರ್ ದೋಣಿಗಳು ಹೋಗಿಯೂ ಆಗಿತ್ತು. ಅದರಲ್ಲೊಂದು ಅವಳ ಗಂಡ ಕಲಿಯಪೆರುಮಾಳನದು.

ಅವಳಿಗೆ ಹೆದರಿಕೆಯಾಯಿತು. 

ನಮ್ಮ ಪುದುಮೇಡಿಗೆ ಈ ಕಡಲ ಮಾಹಿತಿ ಕೇಂದ್ರ ಬಂದದ್ದು ಆ ದೊಡ್ಡ ಅಲೆಯ, ಅದೇ ಸುನಾಮಿಯ, ಮಾರನೆಯ ವರ್ಷ. ಒಂದು ಕೋಣೆ, ತಾರಸಿಯ ಮೇಲೆ ನಾಲ್ಕು ಧ್ವನಿವರ್ಧಕ, ಒಂದು ಆಂಟೆನಾ, ಚೆನ್ನೈನ ಯಾವುದೋ ಆಫೀಸಿನವರು ಬೇಡವೆಂದು ಕೊಟ್ಟ ಹಳೆಯ ಕಂಪ್ಯೂಟರು. ದಿನಾ ಹನ್ನೆರಡಕ್ಕೆ ಮುಖ್ಯ ಕೇಂದ್ರದಿಂದ ನಕ್ಷೆ ಬಂದು ತಾನಾಗಿ ತೆರೆದುಕೊಳ್ಳುತ್ತದೆ. ಎರಡೂವರೆಗೆ ಮಲರ್ಕೊಡಿ ಓದುತ್ತಾಳೆ. ಆಮೇಲೆ ದೋಣಿ ಇಳಿಯುತ್ತವೆ, ಬೆಳಿಗ್ಗೆ ಬರುತ್ತವೆ. ಕಂಪ್ಯೂಟರಿಗೆ ವಯಸ್ಸಾಗಿ ನಕ್ಷೆ ತೆರೆಯಲು ಏದುಸಿರು ಬಿಡತೊಡಗಿದಾಗ, ನಾಗಪಟ್ಟಣದ ಮೆಕ್ಯಾನಿಕ್ ಸಹಾಯರಾಜ್ ಹತ್ತು ದಿನದ ಹಿಂದೆ ಬಂದು, ಹಳೆಯ ರ‍್ಯಾಮಿನ ಜೊತೆಗೆ ಹೊಸದೊಂದು ರ‍್ಯಾಮ್ ಕೂರಿಸಿ ಹೋಗಿದ್ದ. ಹೋಗುವಾಗ, "ಆರಿಸಬೇಡ ತಂಗಿ, ಏಳೋಕೆ ಸ್ವಲ್ಪ ಸತಾಯಿಸತ್ತೆ. ಟಿವಿ ಒಂದು ಆರಿಸಿದ್ರೆ ಸಾಕು" ಎಂದಿದ್ದ. ಅವನು ಟಿವಿ ಎಂದದ್ದು ಪರದೆಗೆ. ಅವಳು ಹಾಗೇ ಮಾಡುತ್ತ ಬಂದಳು. ನಿನ್ನೆ ಎರಡು ಇಪ್ಪತ್ತಕ್ಕೆ ಆ ಯಂತ್ರ ಅಲ್ಲೇ ಹೆಪ್ಪುಗಟ್ಟಿದೆ. ಅವಳು ಪರದೆ ಆರಿಸಿ ಮನೆಗೆ ಹೋಗಿದ್ದಾಳೆ. ಇವತ್ತು ಎರಡು ಇಪ್ಪತ್ತಕ್ಕೇ ಬಂದು ಪರದೆ ಹಚ್ಚಿದರೆ, ನಕ್ಷೆ ಇದೆ, ಗಡಿಯಾರವೂ ಸರಿಯಿದೆ.

ತಾರೀಖು ನೋಡಬೇಕಿತ್ತು. ದಿನಾ ನೋಡುತ್ತಿದ್ದಳು. ನೀಲಿಯೆಂದರೆ ಅಲೆ ಸಣ್ಣದು, ಇವತ್ತು ಅದು ಕಂಡ ಖುಷಿಗೆ ನೋಡಲಿಲ್ಲ. ಹೋದ ತಿಂಗಳು ಅವಳು ಹೋಗಬೇಡಿ ಎಂದು ಓದಿದ ದಿನ ಕಡಲು ತಟ್ಟೆಯ ಹಾಗೆ ಮಲಗಿತ್ತು. ಪಕ್ಕದ ಊರಿನವರು ದೋಣಿ ತುಂಬ ಸಿಗಡಿ ತಂದರು. ಅಂದಿನಿಂದ ಅವಳು ಬೀದಿಯಲ್ಲಿ ನಡೆದರೆ ಮಕ್ಕಳು "ಹೋಗಬೇಡಿ, ಹೋಗಬೇಡಿ" ಎಂದು ಅವಳ ದನಿಯಲ್ಲೇ ಕೂಗುತ್ತಿದ್ದವು. ಹಾಗಾಗಿ ಹೋಗಬಹುದು ಎನ್ನಲು ಅವಳಿಗೆ ಆತುರವಿತ್ತು.

ಬಂದರು ಕಚೇರಿಗೆ ಫೋನು ಮಾಡಿದಳು. ಭಾನುವಾರ, ಬರೀ ಗಂಟೆ ಬಾರಿಸಿತು. ಪಕ್ಕದೂರಿನ ಕೇಂದ್ರದ ಹುಡುಗಿ ಕಾರೈಕಾಲಿಗೆ ಮದುವೆಗೆ ಹೋಗಿದ್ದಳು. ರೇಡಿಯೋದ ವರದಿ ಬರುವುದು ಕತ್ತಲಾದ ಮೇಲೆ. ಕಲಿಯಪೆರುಮಾಳನ ಸೆಲ್‌ಫೋನು ಮನೆಯ ಗೂಡಿನಲ್ಲಿತ್ತು. ಉಪ್ಪುನೀರು ತಾಗಿದರೆ ಕೆಡುತ್ತದೆಂದು ನಮ್ಮವರು ಯಾರೂ ಅದನ್ನು ಕಡಲಿಗೆ ಒಯ್ಯುವುದಿಲ್ಲ. ಉಳಿದದ್ದು ಒಂದೇ ದಾರಿ. ಯಂತ್ರವನ್ನು ಆರಿಸಿ ಮತ್ತೆ ಎಬ್ಬಿಸಿ, ಮುಖ್ಯ ಕೇಂದ್ರದಿಂದ ಇವತ್ತಿನ ನಕ್ಷೆ ತರಿಸಿ ನೋಡುವುದು.

ಗುಂಡಿ ಒತ್ತಿ ಆರಿಸಿದಳು. ಹತ್ತು ಎಣಿಸಿ ಮತ್ತೆ ಒತ್ತಿದಳು. ಪರದೆ ಕಪ್ಪಾಗಿಯೇ ಉಳಿಯಿತು. ಪೆಟ್ಟಿಗೆಯೊಳಗಿಂದ ಉದ್ದುದ್ದಕ್ಕೆ ಮೂರು ಕೂಗು ಬಂತು. ಒಂದು ಗಳಿಗೆ ಮೌನ, ಮತ್ತೆ ಮೂರು ಕೂಗು.

"ಏನೇ ಅದು, ಹೆಗ್ಗಣ ಸಿಕ್ಕಿಹಾಕ್ಕೊಂಡಿದೆಯಾ?" ಎಂದು ಜಗಲಿಯಲ್ಲಿ ಒಣಮೀನು ಆರಿಸುತ್ತಿದ್ದ ಅತ್ತೆ ಸೆಂಬಾಯಿ ಕೇಳಿದಳು.

ಮಲರ್ಕೊಡಿ ಉತ್ತರ ಕೊಡದೆ ಸಹಾಯರಾಜನ ಮನೆಗೆ ಫೋನು ಮಾಡಿದಳು. ಅವನ ಹೆಂಡತಿ ಎತ್ತಿ, ಇಗರ್ಜಿಯಿಂದ ಈಗ ಬಂದು ಊಟಕ್ಕೆ ಕೂತಿದಾರೆ ಎಂದಳು. ಎಬ್ಬಿಸಿ ಅಕ್ಕ, ಎಂದಳು ಇವಳು. ಅವನು ಬಾಯಿ ತುಂಬ ಅನ್ನ ಇಟ್ಟುಕೊಂಡೇ ಬಂದ.

"ಭಾನುವಾರನೂ ಬಿಡಲ್ವಾ ತಂಗಿ ನನ್ನ?"

"ಅಣ್ಣ, ಮಿಷನ್ನು ಏಳ್ತಿಲ್ಲ. ಉದ್ದಕ್ಕೆ ಮೂರು ಸಲ ಕೂಗತ್ತೆ, ನಿಲ್ಲತ್ತೆ, ಮತ್ತೆ ಮೂರು ಸಲ."

ಅಗಿಯುವ ಸದ್ದು ನಿಂತಿತು. "ನಿಮ್ಮೂರ ಕರೆಂಟು ಏರುಪೇರಾಗಿರಬೇಕು. ಅದಿರಲಿ, ಆರಿಸಬೇಡ ಅಂದಿದ್ನಲ್ಲ?"

"ನಾನು ಆರಿಸೋಕೆ ಮೊದಲೇ ಸತ್ತಿತ್ತು ಅಣ್ಣ. ನಿನ್ನೆಯಿಂದ ಕಣ್ಣು ಬಿಟ್ಕೊಂಡೇ ಸತ್ತಿತ್ತು. ನಾನು ನಿನ್ನೇದೇ ನಕ್ಷೆ ಓದಿ ಇವತ್ತು ದೋಣಿ ಕಳಿಸಿಬಿಟ್ಟೆ."

"ಎಷ್ಟು ದೋಣಿ?"

"ಮೂವತ್ತೆರಡೂ."

ಬೀದಿಯಲ್ಲಿ ಯಾರದೋ ಮನೆಯ ಬಾಗಿಲು ತೆರೆದ ಸದ್ದಾಯಿತು. ಆಗ ಮಲರ್ಕೊಡಿ ಮೈಕಿನ ಕಡೆ ನೋಡಿದಳು. ಅದರ ಕೆಂಪು ದೀಪ ಉರಿಯುತ್ತಿತ್ತು. ಎರಡೂವರೆಗೆ ಓದಿದವಳು ಅದನ್ನು ಆರಿಸಿಯೇ ಇರಲಿಲ್ಲ. ಯಂತ್ರದ ಕೂಗು, ಅವಳು ಫೋನಿನಲ್ಲಿ ಹೇಳಿದ್ದು, ಎಲ್ಲವೂ ನಾಲ್ಕು ಧ್ವನಿವರ್ಧಕಗಳಿಂದ ಮೂರು ಬೀದಿಗೂ ಕೇಳಿತ್ತು. ಕಡಲಿನ ಮೇಲಿದ್ದವರಿಗೆ ಮಾತ್ರ ಕೇಳಿರಲಿಲ್ಲ.

ಜಗಲಿಯಿಂದ ಸೆಂಬಾಯಿ ಎದ್ದು ಒಳಗೆ ಬಂದಳು. ಸೊಸೆಗೆ ಬೈಯಲು ಒಂದು ಕಾರಣ ಸಿಕ್ಕರೆ ಮೂರು ದಿನ ಬಿಡದ ಹೆಂಗಸು ಅವಳು. ಈಗ ಬೈಯಲಿಲ್ಲ. ಫೋನಿನ ತಂತಿ ಮೇಜಿನ ತನಕ ಎಟುಕುವುದಿಲ್ಲವೆಂದು ನೋಡಿ, ಸೊಸೆಯ ಕೈಯಿಂದ ಅದನ್ನು ತೆಗೆದುಕೊಂಡು ಕಿವಿಗಿಟ್ಟಳು. "ನೀನು ಅಲ್ಲಿಗೆ ಹೋಗು. ಅವನು ಹೇಳಿದ್ದನ್ನ ನಾನು ಹೇಳ್ತೀನಿ. ಹೇಳಪ್ಪಾ, ಏನು ಮಾಡಬೇಕು ನನ್ನ ಸೊಸೆ?"

ಹೀಗೆ ಶುರುವಾಯಿತು. ಎಡಗಡೆಯ ತಗಡು ತೆಗೆಯಬೇಕಂತೆ. ಮಲರ್ಕೊಡಿ ಚಾಕುವಿನ ತುದಿಯಿಂದ ತಿರುಪು ಬಿಚ್ಚಿದಳು. ಒಳಗೆ ಧೂಳು, ಉಪ್ಪುಗಾಳಿಗೆ ಬೆಳ್ಳಗಾದ ತಂತಿಗಳು.

"ಉದ್ದಕ್ಕೆ ಬಾಚಣಿಗೆ ಹಾಗೆ ಎರಡು ನಿಂತಿವೆಯಂತೆ. ಆ ಕಡೆ ಈ ಕಡೆ ಬಿಳಿ ಕಿವಿ. ಕಿವಿ ಹೊರಕ್ಕೆ ಒತ್ತಿದ್ರೆ ಎದ್ದು ಬರತ್ತಂತೆ."

"ಬಂತು ಅತ್ತೆ."

"ಪೆನ್ಸಿಲ್ ಅಳಿಸೋ ರಬ್ಬರಲ್ಲಿ ಹಲ್ಲುಜ್ಜಬೇಕಂತೆ. ನೀನಲ್ಲ, ಅದಕ್ಕೆ. ಕೆಳಗೆ ಬಂಗಾರದ ಬಣ್ಣದ ಹಲ್ಲಿದೆಯಂತಲ್ಲ."

ಉಜ್ಜಿದಳು. ಎರಡನ್ನೂ ಮತ್ತೆ ಕೂರಿಸಿ, ಕಿವಿಗಳು ಟಕ್ಕೆನ್ನುವ ತನಕ ಒತ್ತಿ, ಗುಂಡಿ ಅದುಮಿದಳು. ಮೂರು ಕೂಗು. ಬೀದಿಗೂ ಮೂರು ಕೂಗು ಕೇಳಿತು. ಮೈಕು ಆರಿಸಲು ಅವಳಿಗೆ ಮನಸ್ಸು ಬರಲಿಲ್ಲ. ಇನ್ನು ಮುಚ್ಚಿಡುವುದು ಏನಿದೆ. ಬಾಗಿಲಲ್ಲಿ ಹೆಂಗಸರು ಬಂದು ನಿಲ್ಲತೊಡಗಿದ್ದರು.

"ಹೊಸದರ ಮೇಲೆ ಕರೀ ಬಿಲ್ಲೆ ಎಷ್ಟಿವೆ, ಎರಡು ಕಡೆಯೂ ತಿರುಗಿಸಿ ಎಣಿಸು ಅಂತಾನೆ" ಎಂದಳು ಸೆಂಬಾಯಿ.

"ಒಂದು ಕಡೆ ಎಂಟು. ಇನ್ನೊಂದು ಕಡೆ ಬೋಳು."

"ಹಳೇದು?"

"ಆ ಕಡೆ ಎಂಟು, ಈ ಕಡೆ ಎಂಟು."

ಸೆಂಬಾಯಿ ಅದನ್ನು ಒಪ್ಪಿಸಿ ಕಾದಳು. "ನಿನಗೇ ಕೊಡು ಅಂತಾನೆ ಇವನು. ಏನೋ ಮಾಡಿಟ್ಟಿದಾನೆ, ತಗೋ, ನೀನೇ ಕೇಳು."

"ತಂಗಿ," ಎಂದ ಸಹಾಯರಾಜ್, ದನಿ ಇಳಿದಿತ್ತು, "ತಪ್ಪು ನಂದು. ಆ ಬೋರ್ಡು ತುಂಬ ಹಳೇದು. ಅದಕ್ಕೆ ಹದಿನಾರು ಬಿಲ್ಲೆದೇ ಆಗಬೇಕು. ಎಂಟರದು ಉದ್ದ ಒಂದೇ, ಕಚ್ಚು ಒಂದೇ, ಸರಿಯಾಗೇ ಕೂರತ್ತೆ. ಆದ್ರೆ ಒಂದೊಂದು ಬಿಲ್ಲೆಗೂ ಎರಡರಷ್ಟು ತುಂಬಿರ್ತಾರೆ, ಆ ಮುದುಕ ಬೋರ್ಡಿಗೆ ಅದನ್ನ ಪೂರ್ತಿ ಓದೋಕೆ ಬರಲ್ಲ. ಒಂದಿನ ಏಳತ್ತೆ, ಒಂದಿನ ಇಲ್ಲ. ಬಿಸಿಯಾದ್ರೆ ನಡುವೆ ನಿಂತುಬಿಡತ್ತೆ. ಹದಿನಾರರದು ಎಲ್ಲೂ ಸಿಗಲಿಲ್ಲ, ಸಿಕ್ಕಿದ್ದು ಹಾಕ್ದೆ. ಎದ್ದಿತಲ್ಲ, ಓಡತ್ತೆ ಬಿಡು ಅಂದ್ಕೊಂಡೆ."

"ಅದಕ್ಕೇ ಆರಿಸಬೇಡ ಅಂದ್ರಾ?"

"ಹೂಂ."

ಅವನನ್ನು ಸುಟ್ಟುಬಿಡುವಷ್ಟು ಸಿಟ್ಟು ಬಂತು. "ಅದನ್ನ ಆಮೇಲೆ ಮಾತಾಡೋಣ. ಈಗ ಏನು ಮಾಡ್ಲಿ ಹೇಳಿ."

"ಹೊಸದನ್ನ ಎತ್ತಿ ಆಚೆಗಿಡು. ಹಳೇದು ಒಂದೇ ಇರಲಿ."

ಅವಳು ಫೋನನ್ನು ಅತ್ತೆಗೆ ಕೊಟ್ಟು ಮತ್ತೆ ಪೆಟ್ಟಿಗೆಯ ಹತ್ತಿರ ಬಂದಳು. ಅಷ್ಟರಲ್ಲಿ ಹೆಂಗಸರು ದಾರಿ ಬಿಟ್ಟರು. ಊರ ಹಿರಿಯ ಅಂಜಪ್ಪ ನಾಟ್ಟಾರ್ ಒಳಗೆ ಬಂದರು. ಎಪ್ಪತ್ತರ ಮುದುಕ, ಹೆಗಲ ಮೇಲೆ ಟವಲು, ಮಧ್ಯಾಹ್ನದ ನಿದ್ದೆಯಿಂದ ಎದ್ದ ಮುಖ. ಅವರ ಇಬ್ಬರು ಮಕ್ಕಳೂ ಕಡಲಿನಲ್ಲಿದ್ದರು.

"ಹೊಗೆ ಹಾಕಿಸಿ ಮಾವ" ಎಂದಳು ಮಲರ್ಕೊಡಿ, ರ‍್ಯಾಮನ್ನು ಕೈಯಲ್ಲಿ ಹಿಡಿದೇ. "ವಾಪಸ್ ಕರೀರಿ. ಈಗಲಾದ್ರೆ ಇನ್ನೂ ಕಣ್ಣಳತೇಲಿದಾರೆ."

"ಇವತ್ತಿನ ನಕ್ಷೆ ನೋಡಿದ್ಯಾ?"

"ಇಲ್ಲ."

"ಕಡಲು ನೋಡಿದ್ಯಾ? ಎಣ್ಣೆ ಸವರಿದ ಹಾಗಿದೆ. ಹೋದ ತಿಂಗಳು ನಿನ್ನ ಮಾತು ಕೇಳಿ ದಡದಲ್ಲಿ ಕೂತು ನೊಣ ಹೊಡೆದ್ವಿ. ಇವತ್ತು ಹೋಗಿ ಅಂದೆ, ಹೋದ್ರು. ಈಗ ಬನ್ನಿ ಅಂತೀಯ. ಸುಳ್ಳು ಹೊಗೆ ಎಬ್ಬಿಸಿದ ಮನೆಯವರ ದೋಣಿ ಒಂದು ತಿಂಗಳು ನೀರಿಗಿಳಿಯೋ ಹಾಗಿಲ್ಲ. ಕಟ್ಟಳೆ ಗೊತ್ತಲ್ಲ?"

"ಗೊತ್ತು."

"ಮೊದಲು ನಕ್ಷೆ ತೋರಿಸು. ಆಮೇಲೆ ಹೊಗೆ."

ಅವಳು ಹಳೆಯದನ್ನು ಕೂರಿಸಿ ಗುಂಡಿ ಒತ್ತಿದಳು. ಮತ್ತೆ ಮೂರು ಕೂಗು. ಅವಳಿಗೆ ಅಳು ಬಂತು. ಅತ್ತುಬಿಟ್ಟಳು ಕೂಡ, ಕೈ ಮಾತ್ರ ನಿಲ್ಲಿಸಲಿಲ್ಲ. ಸೆಂಬಾಯಿ ಫೋನಿಗೆ, "ಇನ್ನೂ ಬೊಬ್ಬೆ ಹೊಡೀತಿದೆ ಕಣಯ್ಯ, ಕೇಳಿಸ್ತಾ? ಯಾವ ಕಿಂಡಿಗೆ ಹಾಕ್ದೆ ಅಂತ ಕೇಳ್ತಿದಾನೆ ನೋಡೇ" ಎಂದಳು.

"ಮೊದಲೆಲ್ಲಿತ್ತೋ ಅಲ್ಲೇ. ಎರಡನೇದಕ್ಕೆ."

"ಅಲ್ಲೇ ತಪ್ಪಿದ್ದಂತೆ. ಹೊಸದಕ್ಕೆ ಜಾಗ ಮಾಡೋಕೆ ಇವನೇ ಅದನ್ನ ಎರಡನೇ ಕಿಂಡಿಗೆ ಸರಿಸಿದ್ನಂತೆ. ಮೊದಲನೇದು ಖಾಲಿ ಇದ್ರೆ ಆ ಬೋರ್ಡು ಕಣ್ಣೇ ಬಿಡಲ್ವಂತೆ. ಫ್ಯಾನಿನ ಪಕ್ಕದ ಕಿಂಡಿಗೆ ಹಾಕ್ಬೇಕಂತೆ."

ಬದಲಾಯಿಸಿದಳು. ಒತ್ತಿದಳು. ಈ ಸಲ ಒಂದೇ ಒಂದು ಚಿಕ್ಕ ಕೂಗು. ಪರದೆಯ ಮೇಲೆ ಬಿಳಿ ಅಕ್ಷರಗಳು ಓಡತೊಡಗಿದವು. ಬಾಗಿಲಲ್ಲಿದ್ದ ಒಬ್ಬಳು ಉಸಿರು ಬಿಟ್ಟದ್ದು ಧ್ವನಿವರ್ಧಕದಲ್ಲೂ ಕೇಳಿತು.

ಆದರೆ ಹೊಸ ರ‍್ಯಾಮ್ ತಂದದ್ದೇ ಹಳೆಯದಕ್ಕೆ ಈ ನಕ್ಷೆ ಹೊರಲು ಆಗುವುದಿಲ್ಲವೆಂದು. ಯಂತ್ರ ಪೂರ್ತಿ ಏಳುವ ಹೊತ್ತಿಗೆ ಮೂರೂ ನಲವತ್ತು. ನಕ್ಷೆ ಮೇಲಿನಿಂದ ಒಂದೊಂದೇ ಗೆರೆಯಾಗಿ ಇಳಿಯತೊಡಗಿತು. ಮೊದಲು ಒರಿಸ್ಸಾ. ಆಮೇಲೆ ಆಂಧ್ರದ ಕರಾವಳಿ, ಒಂದು ಗೆರೆ, ಮತ್ತೊಂದು ಗೆರೆ. ನಾಗಪಟ್ಟಣ ಇದ್ದದ್ದು ಕೆಳಗೆ, ಬಹಳ ಕೆಳಗೆ. ಮಲರ್ಕೊಡಿ ಗೆರೆಗಳನ್ನೂ ಗಡಿಯಾರವನ್ನೂ ನೋಡಿದಳು. ಅರ್ಧ ಗಂಟೆಯಾದರೂ ಬೇಕು. ಅದನ್ನು ನೋಡಿ ಆಮೇಲೆ ಗುಡ್ಡೆ ಒಟ್ಟಿ ಬೆಂಕಿ ಹಚ್ಚುವ ಹೊತ್ತಿಗೆ ದೋಣಿಗಳಿಗೆ ದಡವೂ ಕಾಣುವುದಿಲ್ಲ, ಹೊಗೆಯೂ ಕಾಣುವುದಿಲ್ಲ.

ಅವಳು ಎದ್ದಳು. "ಅತ್ತೆ, ಇಲ್ಲಿ ಕೂತ್ಕೊಳ್ಳಿ. ಕಾರೈಕಾಲು ಇಲ್ಲಿ ಬರತ್ತೆ, ನಾವು ಇಲ್ಲಿ, ಮೂಗಿನ ಹಾಗೆ ಚಾಚಿರೋ ದಡದ ಹತ್ರ. ಈ ಜಾಗಕ್ಕೆ ಯಾವ ಬಣ್ಣ ಬರತ್ತೋ ಮೈಕಿನಲ್ಲಿ ಹೇಳಿ. ನೀಲಿ ಆದ್ರೆ ನೀಲಿ ಅನ್ನಿ. ಮುಚ್ಚಿಡಬೇಡಿ."

"ನೀಲಿ ಬಂದ್ರೆ ಒಂದು ತಿಂಗಳು ಏನು ತಿಂತೀಯ?" ಎಂದಳು ಸೆಂಬಾಯಿ.

ಮಲರ್ಕೊಡಿ ಮೂಲೆಯಲ್ಲಿದ್ದ ಸೀಮೆಎಣ್ಣೆ ಡಬ್ಬಿ ಎತ್ತಿಕೊಂಡು ಹೊರಗೆ ಓಡಿದಳು. ನಾಟ್ಟಾರ್ ಅವಳನ್ನು ತಡೆಯಲಿಲ್ಲ. ಸಹಾಯ ಮಾಡಿ ಎಂದು ಯಾರಿಗೂ ಹೇಳಲೂ ಇಲ್ಲ.

ದಡದಲ್ಲಿ ಎರಡು ಗುಡ್ಡೆ ಮಾಡಬೇಕು. ಒಂದೇ ಹೊಗೆಯಾದರೆ ಯಾರೋ ಏನೋ ಸುಡುತ್ತಿದ್ದಾರೆಂದು ತಿಳಿಯುತ್ತಾರೆ, ಎರಡಾದರೆ ವಾಪಸ್ ಬನ್ನಿ ಎಂದರ್ಥ. ಒಣ ಗರಿ ಎಳೆದಳು, ಹರಿದ ಬಲೆ ಸುರಿದಳು, ಮೇಲೆ ಹಸಿ ಗರಿ. ಮೊದಲನೆಯದಕ್ಕೆ ಬೆಂಕಿ ಹತ್ತಿತು. ಎರಡನೆಯದರ ಗರಿ ಮಳೆಗೆ ನೆಂದಿತ್ತು, ಎಣ್ಣೆ ಹೊಯ್ದಷ್ಟೂ ಆರುತ್ತಿತ್ತು. ಕಡಲಿನ ಮೇಲೆ ದೋಣಿಗಳು ಸಾಸಿವೆ ಕಾಳಿನಷ್ಟಾಗಿದ್ದವು. ಅಷ್ಟು ಹೊತ್ತಿಗೆ ಊರಿನ ಕಡೆಯಿಂದ ಸೆಂಬಾಯಿಯ ದನಿ ಕೇಳಿತು. ಜೀವಮಾನದಲ್ಲಿ ಮೈಕು ಮುಟ್ಟದವಳು, ಸಂತೆಯಲ್ಲಿ ಮೀನು ಕೂಗುವಂತೆಯೇ ಕೂಗುತ್ತಿದ್ದಳು.

"ನೀಲಿ. ಇನ್ನೂ ನೀಲಿನೇ. ಪಾಂಡಿಚೇರಿ ತನಕ ನೀಲಿ."

ಹಿಂದೆ ಬಂದು ನಿಂತಿದ್ದ ಹೆಂಗಸರಲ್ಲಿ ಯಾರೋ ನಿಡುಸುಯ್ದರು. ಮಲರ್ಕೊಡಿ ಊದುತ್ತಲೇ ಇದ್ದಳು, ಕಣ್ಣು ಉರಿಯುತ್ತಿತ್ತು. ನೀಲಿಯೇ ಬರಲಿ ಎಂದು ಬೇಡಿಕೊಂಡಳು. ಊರು ಉಗಿಯಲಿ, ದೋಣಿ ಕಟ್ಟಿಹಾಕಲಿ, ನೀಲಿಯೇ ಬರಲಿ.

"ಹಳದಿ ಬಂತು" ಎಂದಿತು ಧ್ವನಿವರ್ಧಕ. ಆಮೇಲೆ ಸೆಂಬಾಯಿಯ ದನಿ ಬೇರೆಯೇ ಆಗಿತ್ತು. "ಮಲರು, ಕೆಂಪು ಕಣೆ. ನೀನು ತೋರಿಸಿದ ಜಾಗ ಪೂರ್ತಿ ಕೆಂಪು."

ಕೆಂಪೆಂದರೆ ಹತ್ತು ಅಡಿಗೆ ಮೇಲೆ. ಅಂಜಪ್ಪ ನಾಟ್ಟಾರ್ ಹೆಗಲ ಟವಲನ್ನು ಸೊಂಟಕ್ಕೆ ಬಿಗಿದು, ಬಿದ್ದಿದ್ದ ಲಾರಿ ಟಯರೊಂದನ್ನು ಉರುಳಿಸಿಕೊಂಡು ಬಂದು ಎರಡನೆಯ ಗುಡ್ಡೆಯ ಮೇಲೆ ಹಾಕಿದರು. ಆಮೇಲೆ ಎಲ್ಲರ ಕೈಯೂ ಬಂತು. ಕರೀ ಹೊಗೆ ಎರಡು ಕಂಬವಾಗಿ ಎದ್ದಿತು.

ಒಂದು ಕಾಳು ತಿರುಗಿತು. ಆಮೇಲೆ ನಾಲ್ಕು. ನಾಲ್ಕೂವರೆಯ ಹೊತ್ತಿಗೆ ಗಾಳಿ ಹೊರಳಿ ಈಶಾನ್ಯದಿಂದ ಬೀಸತೊಡಗಿ, ಹೊಗೆಯ ಕಂಬಗಳು ಊರಿನ ಮೇಲೆ ಬಾಗಿದವು. ಎಣ್ಣೆ ಸವರಿದಂತಿದ್ದ ನೀರಿನ ಮೇಲೆ ಬಿಳಿ ಚುಕ್ಕೆಗಳೆದ್ದವು. ಹೆಂಗಸರು ಗಟ್ಟಿಯಾಗಿ ಎಣಿಸುತ್ತಿದ್ದರು. ದೋಣಿಗಳು ಒಂದೊಂದಾಗಿ ಮರಳಿಗೆ ಹತ್ತಿದವು. ಬೈಯುತ್ತ ಇಳಿದ ಗಂಡಸರು ಗಾಳಿ ನೋಡಿ ಬಾಯಿ ಮುಚ್ಚಿದರು. ನಾಟ್ಟಾರರ ಮಕ್ಕಳು ಬಂದರು. ಮೂವತ್ತು ಬಂತು. ಕೊನೆಗೆ ಸದಾ ಕಲಿಯಪೆರುಮಾಳನ ಜೊತೆಗೇ ಕಡಲಿಗಿಳಿಯುವ ವೇದಯ್ಯನದು, ಮೂವತ್ತೊಂದು. ಅದರ ಹಿಂದೆ ಬರೀ ನೀರಿತ್ತು.

"ವೇದಯ್ಯಣ್ಣ, ಅವರೆಲ್ಲಿ?"

ವೇದಯ್ಯನ್ ದೋಣಿಯನ್ನು ಮರಳಿಗೆ ಹತ್ತಿಸದೆ ನೀರಿನಲ್ಲೇ ಎಂಜಿನ್ನು ಆರಿಸಿದ, ಇಳಿಯಲಿಲ್ಲ. ಅವಳ ಮುಖ ನೋಡದೆ ಹೇಳಿದ. "ನನ್ನ ಪಕ್ಕದಲ್ಲೇ ಇದ್ದ. ಹೊಗೆ ತೋರಿಸ್ದೆ, ಕೈ ಬೀಸ್ದೆ, ಹತ್ರ ಹೋಗಿ ಕೂಗ್ದೆ. ನಕ್ಕ. ಯಾರೋ ಬೇಕಂತಲೇ ಹಾಕಿದಾರೆ ಅಂದ. 'ನನ್ನ ಹೆಂಡ್ತಿ ಬಾಯಾರೆ ಓದಿದಾಳೆ ನಾಲ್ಕು ಅಡಿ ಅಂತ. ಊರೆಲ್ಲ ಅವಳನ್ನ ಆಡ್ಕೊಂಡಿದ್ದು ಸಾಲದು ಅಂತ ನಾನೂ ತಿರುಗಿ ಹೋದ್ರೆ ಅವಳ ಮುಖ ಹೇಗೆ ನೋಡ್ಲಿ' ಅಂದ. ಎಂಜಿನ್ನು ಜೋರು ಮಾಡ್ಕೊಂಡು ಹೋದ."

ಊರ ಕಡೆಯಿಂದ ಧ್ವನಿವರ್ಧಕದಲ್ಲಿ ಸೆಂಬಾಯಿ, "ಎಲ್ಲ ಬಂದ್ರೇನೇ? ನನ್ನ ಮಗ ಬಂದ್ನಾ?" ಎಂದು ಕೇಳುತ್ತಿದ್ದಳು.

"ಹೋಗಿ ಕರ್ಕೊಂಡು ಬಾರೋ" ಎಂದರು ನಾಟ್ಟಾರ್.

"ಹೋಗ್ತೀನಿ ಮಾವ. ಹೋಗಲ್ಲ ಅಂತಿಲ್ಲ. ಆದ್ರೆ ಒಂದ್ಸಲ ಹೇಳಾಯ್ತು. ಮತ್ತೆ ನಾನೇ ಹೋಗಿ ಹೇಳಿದ್ರೆ ತಿರುಗ್ತಾನಾ ಅವನು? ಮೊಂಡ. ಅವಳ ಮಾತೊಂದೇ ಅವನಿಗೆ ಮಾತು."

ನಮ್ಮಲ್ಲಿ ಹೆಂಗಸರು ದೋಣಿಗೆ ಕಾಲಿಡುವುದಿಲ್ಲ. ಒಣಗಲು ಹರವಿದ ಬಲೆಯನ್ನೂ ದಾಟುವುದಿಲ್ಲ, ಸುತ್ತಿ ಹೋಗುತ್ತಾರೆ. ಮಲರ್ಕೊಡಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನೀರಿಗಿಳಿದಳು. ಮೊಣಕಾಲಿಗೆ ಬಂತು, ತೊಡೆಗೆ ಬಂತು, ಒಂದು ಅಲೆ ಎದೆಗೆ ಬಡಿಯಿತು. ಅವಳಿಗೆ ಈಜು ಬಾರದು. ದೋಣಿಯ ಅಂಚು ಹಿಡಿದು ನಿಂತು ವೇದಯ್ಯನ ಕಡೆ ನೋಡಿದಳು. ಅವನು ದಡದಲ್ಲಿದ್ದ ನಾಟ್ಟಾರರ ಕಡೆ ನೋಡಿದ. ಅವರು ಬೇರೆ ಕಡೆ ಮುಖ ತಿರುಗಿಸಿ, ಆರುತ್ತಿದ್ದ ಬೆಂಕಿಗೆ ಗರಿ ಹಾಕುತ್ತಿದ್ದರು.

ವೇದಯ್ಯನ್ ಬಗ್ಗಿ, ದೋಣಿಯ ನಡುವೆ ರಾಶಿ ಬಿದ್ದಿದ್ದ ಬಲೆಯನ್ನು ಎರಡು ಕೈಯಿಂದ ಎಳೆದು ಒಂದು ಪಕ್ಕಕ್ಕೆ ಒತ್ತರಿಸಿ, ಅವಳು ಬಲೆ ತುಳಿಯದೆ ಹತ್ತಿ ಕೂರುವಷ್ಟು ಜಾಗ ಮಾಡಿದ.